ಮುಟ್ಟಬೇಡ ಅಂದರೆ ಮಕ್ಕಳು ನಿಲ್ಲುತ್ತಾರೆಯೇ?

ಜಾತ್ರೆಯಲ್ಲಿ ಮಾದರಿ ರೈಲು ಇಡುವಾಗ ಮಕ್ಕಳ ಕೈಗೆ ಅಂಜಿ ಗಾಜು ಹಾಕಿಸಬೇಕೇ ಎಂದು ಶರಣಸಿರಸಗಿಯಿಂದ ಕೇಳಿದ್ದೀರಿ. ನಿಮ್ಮ ಅಂಜಿಕೆ ಸುಳ್ಳಲ್ಲ. 1:87 ಅಳತೆಯಲ್ಲಿ ಎರಡು ಹಳಿಗಳ ನಡುವೆ ಬರೀ 16.5 ಮಿಲಿಮೀಟರ್, ಮಿರ್ಚಿ ಭಜಿ ತಿಂದ ಬೆರಳು ತಾಗಿದರೆ ಎಣ್ಣೆ ಕೂತು, ಗಾಲಿಗೆ ಕರೆಂಟು ಸಿಗದೆ ಎಂಜಿನ್ ಮುಗ್ಗರಿಸುತ್ತದೆ. ದೊಡ್ಡ ಮಾದರಿಗೆ ಗಾಜಿರಲಿ. ಆದರೆ ಪಕ್ಕದಲ್ಲೇ, ಮಗುವಿನ ಎದೆಮಟ್ಟದ ಮೇಜಿನ ಮೇಲೆ, ಅಗ್ಗದ ಸುತ್ತುಹಳಿಯೊಂದನ್ನು ಹಾಕಿ ವೇಗದ ಗುಂಡಿಯನ್ನು ಮಕ್ಕಳಿಗೇ ಕೊಡಿ. ಮುರಿದರೆ ಅಂತೀರಾ? ಮುರಿಯಲೆಂದೇ ಇಟ್ಟದ್ದಲ್ಲವೇ ಅದು! ತಿರುವಿನಲ್ಲಿ ಜೋರು ಮಾಡಿದರೆ ಬಂಡಿ ಹಳಿ ತಪ್ಪುತ್ತದೆ ಎಂಬುದನ್ನು ಗಾಜು ಕಲಿಸದು. ಇನ್ನೊಂದು ಮಾತು, ಸ್ವಿಟ್ಜರ್ಲೆಂಡಿನ ಹಿಮಬೆಟ್ಟ ಬೇಡ. 2017ರಲ್ಲಿ ಶುರುವಾದ ಕಲಬುರಗಿ–ಬೀದರ್ ಮಾರ್ಗ, ಕಮಲಾಪುರ ನಿಲ್ದಾಣ, ಬದಿಗೆ ಕೆಂಪು ಬಾಳೆಯ ತೋಟ ಮಾಡಿ.