ವ್ರತನಿಷ್ಠರೂ ಕೊಲೆಸ್ಟರಾಲಿನ ಔಷಧವೂ

ರಾತ್ರಿಭೋಜನ ತ್ಯಾಗಿಗಳಾದ ವಯೋವೃದ್ಧ ಶ್ರಾವಕ-ಶ್ರಾವಿಕೆಯರಿಗೆ ಒಂದು ಸಂದೇಹ ಸಹಜವಾಗಿ ಬರುತ್ತದೆ. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದೆಯೆಂದು ವೈದ್ಯರು ಗುಳಿಗೆ ಬರೆದುಕೊಟ್ಟು, ರಾತ್ರಿ ಮಲಗುವಾಗ ನುಂಗಿರಿ ಎನ್ನುತ್ತಾರೆ. ಸೂರ್ಯಾಸ್ತದ ತರುವಾಯ ನೀರನ್ನೂ ಮುಟ್ಟದವರು ವ್ರತವನ್ನು ಬಿಡಬೇಕೋ, ಗುಳಿಗೆಯನ್ನು ಬಿಡಬೇಕೋ? ಎರಡನ್ನೂ ಬಿಡಬೇಕಾಗಿಲ್ಲವೆಂಬುದೇ ಈ ಪಾಠದ ತಾತ್ಪರ್ಯ. ವೈದ್ಯರಿಗೆ ತಿಳಿಸದೆ ಗುಳಿಗೆಯನ್ನು ನಿಲ್ಲಿಸುವುದು ಮಾತ್ರ ಅಪಾಯಕ್ಕೆ ಎಡೆಗೊಡುವ ಮಾರ್ಗ.

1. ರೋಗದ ಸ್ವರೂಪ

ಕೊಲೆಸ್ಟರಾಲ್ ಮೇಣದಂತಹ ಒಂದು ಜಿಡ್ಡು ಪದಾರ್ಥ. ಶರೀರಕ್ಕೆ ಅದು ಅವಶ್ಯವೇ ಸರಿ, ಆದರೆ ಎಲ್.ಡಿ.ಎಲ್. ಎಂಬ ರೂಪದಲ್ಲಿ ಮಿತಿಮೀರಿದಾಗ ರಕ್ತನಾಳಗಳ ಒಳಗೋಡೆಯಲ್ಲಿ ಸಂಚಯವಾಗಿ, ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಕಾರಣವಾಗುತ್ತದೆ. "ಮೊಟ್ಟೆ ಮಾಂಸಗಳನ್ನು ಕಣ್ಣೆತ್ತಿಯೂ ನೋಡದ ನಮಗೆ ಇದೆಲ್ಲಿಂದ ಬಂತು?" ಎಂದು ಕೇಳುವುದುಂಟು. ಕೊಲೆಸ್ಟರಾಲಿನ ಹೆಚ್ಚಿನ ಭಾಗವನ್ನು ನಮ್ಮ ಯಕೃತ್ತೇ ಮೊದಲಾದ ಅಂಗಗಳೇ ತಯಾರಿಸುತ್ತವೆ. ವಂಶದ ಗುಣ, ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ತುಪ್ಪ ಬೆಣ್ಣೆಗಳ ಅತಿ ಸೇವನೆ ಇವೂ ಕಾರಣಗಳು. ಈ ವಿಕಾರಕ್ಕೆ ನೋವಿಲ್ಲ, ಜ್ವರವಿಲ್ಲ. ಆದುದರಿಂದಲೇ ಜನರು ಇದನ್ನು ಉಪೇಕ್ಷಿಸುತ್ತಾರೆ.

2. ಔಷಧದ ಕಾರ್ಯ

ಈ ಗುಳಿಗೆಗಳಲ್ಲಿ ಪ್ರಮುಖವಾದವಕ್ಕೆ ಸ್ಟ್ಯಾಟಿನ್ ಎಂದು ಹೆಸರು. ಜಪಾನಿನ ವಿಜ್ಞಾನಿ ಅಕಿರಾ ಎಂಡೋ ಅವರು 1973ರಲ್ಲಿ ಒಂದು ಬಗೆಯ ಬೂಷ್ಟಿನಲ್ಲಿ ಇದರ ಮೂಲವನ್ನು ಕಂಡುಹಿಡಿದರು. ಕೊಲೆಸ್ಟರಾಲನ್ನು ತಯಾರಿಸಲು ಯಕೃತ್ತಿಗೆ ಬೇಕಾದ ಕಿಣ್ವವೊಂದನ್ನು ಇದು ತಡೆಯುತ್ತದೆ. ಆಗ ಯಕೃತ್ತು ರಕ್ತದಿಂದ ಹೆಚ್ಚು ಎಲ್.ಡಿ.ಎಲ್. ಹೀರಿಕೊಳ್ಳುತ್ತದೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾ ದೇಶಗಳ ಅಧ್ಯಯನದಲ್ಲಿ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಮಿಕ್ಕಿ ಪರೀಕ್ಷಿಸಲಾಯಿತು. ಸಿಂವಾಸ್ಟ್ಯಾಟಿನ್ ಸೇವಿಸಿದವರಲ್ಲಿ ಮರಣದ ಸಂಭವ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿತ್ತು.

3. ಸೇವನೆಯ ವೇಳೆ

ಯಕೃತ್ತು ರಾತ್ರಿಯಲ್ಲಿ ಕೊಲೆಸ್ಟರಾಲನ್ನು ಹೆಚ್ಚಾಗಿ ತಯಾರಿಸುತ್ತದೆ. ಸಿಂವಾಸ್ಟ್ಯಾಟಿನ್ ಮುಂತಾದ ಗುಳಿಗೆಗಳು ಶರೀರದಲ್ಲಿ ಕೆಲವೇ ಗಂಟೆ ನಿಲ್ಲುವುದರಿಂದ ಅವನ್ನು ರಾತ್ರಿ ಕೊಡುವ ರೂಢಿ ಬಂದಿತು. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಎಂಬವು ಹಾಗಲ್ಲ. ರಕ್ತದಲ್ಲಿರುವ ಅವುಗಳ ಪ್ರಮಾಣ ಅರ್ಧಕ್ಕಿಳಿಯಲು ಕ್ರಮವಾಗಿ ಸುಮಾರು 14 ಮತ್ತು 19 ಗಂಟೆಗಳು ಬೇಕು. ಆದ್ದರಿಂದ ಅವನ್ನು ಹಗಲಿನಲ್ಲಿಯೂ ಸೇವಿಸಬಹುದು. ನಿತ್ಯವೂ ಒಂದೇ ವೇಳೆಯಾದರೆ ಸಾಕು. ವ್ರತಿಗಳು ವೈದ್ಯರಿಗೆ "ನಮಗೆ ರಾತ್ರಿಭೋಜನ ತ್ಯಾಗವಿದೆ" ಎಂದು ಸ್ಪಷ್ಟವಾಗಿ ಹೇಳಬೇಕು. ಅವರು ವೇಳೆಯನ್ನೋ ಗುಳಿಗೆಯನ್ನೋ ಬದಲಿಸಿಕೊಡಬಲ್ಲರು.

ಆಸ್ಪಿರಿನ್ ಜೊತೆಗೂಡಿಸಿದ ಸ್ಟ್ಯಾಟಿನ್ ಕೆಲವೊಮ್ಮೆ ಕ್ಯಾಪ್ಸೂಲಾಗಿ ಬರುತ್ತದೆ. ಕ್ಯಾಪ್ಸೂಲಿನ ಕವಚ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜಿಲಾಟಿನ್. ಎರಡನ್ನೂ ಬೇರೆ ಬೇರೆ ಗುಳಿಗೆಗಳಾಗಿ ಬರೆದುಕೊಡಲು ಕೇಳಬಹುದು. ಆದರೆ ಉತ್ತರ ದೊರೆಯುವತನಕ ಔಷಧವನ್ನು ನಿಲ್ಲಿಸಬಾರದು.

4. ಉಪವಾಸದ ದಿನಗಳಲ್ಲಿ

ಅಷ್ಟಮಿ ಚತುರ್ದಶಿಗಳಲ್ಲಿ ಚತುರ್ವಿಧಾಹಾರವನ್ನು ತ್ಯಜಿಸುವವರಿಗೆ ಒಂದು ದಿನದ ಗುಳಿಗೆ ತಪ್ಪುತ್ತದೆ. ರೋಗ ಹತೋಟಿಯಲ್ಲಿರುವವರಿಗೆ ಇದರಿಂದ ಸಾಮಾನ್ಯವಾಗಿ ಹೆಚ್ಚಿನ ಹಾನಿಯಿಲ್ಲವಾದರೂ ವೈದ್ಯರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಪಾರಣೆಯ ದಿನ ಎರಡು ಗುಳಿಗೆಗಳನ್ನು ಕೂಡಿಸಿ ನುಂಗಬಾರದು. ಇತ್ತೀಚೆಗೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಒಂದು ದಿನವೂ ತಪ್ಪಿಸತಕ್ಕದ್ದಲ್ಲ. ದಶಲಕ್ಷಣ ಪರ್ವದಲ್ಲಿ ಅನೇಕ ದಿನ ನಿರ್ಜಲ ಉಪವಾಸ ಮಾಡುವವರಿಗೆ ನೀರಿನ ಕೊರತೆಯಿಂದ ಮೂತ್ರಪಿಂಡಗಳು ಬಳಲಿ, ಔಷಧದ ದುಷ್ಪರಿಣಾಮ ಹೆಚ್ಚಬಹುದು. ಮಧುಮೇಹದ ಔಷಧವನ್ನೂ ಸೇವಿಸುವವರಿಗೆ ಅಪಾಯ ಇನ್ನೂ ಅಧಿಕ.

5. ಎಚ್ಚರಿಕೆಯ ಚಿಹ್ನೆಗಳು

ಕಾರಣವಿಲ್ಲದೆ ತೊಡೆ ತೋಳುಗಳ ಸ್ನಾಯುಗಳಲ್ಲಿ ನೋವು, ನಿಶ್ಶಕ್ತಿ, ಮೂತ್ರ ಕಪ್ಪುಗೆಂಪಾಗುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ವೈದ್ಯರನ್ನು ಕಾಣಬೇಕು. ಕ್ಲಾರಿತ್ರೋಮೈಸಿನ್, ಇಟ್ರಕೊನಜೋಲ್ ಮೊದಲಾದ ಔಷಧಗಳು ಕೆಲವು ಸ್ಟ್ಯಾಟಿನ್‌ಗಳೊಡನೆ ಸೇರಬಾರದು. ಆದುದರಿಂದ ಬೇರೆ ಕಾಯಿಲೆಗೆ ಹೋದಾಗಲೂ ಈ ಗುಳಿಗೆಯ ಹೆಸರನ್ನು ಹೇಳಬೇಕು. ದ್ರಾಕ್ಷಿಹಣ್ಣಿಗೆ ಸಂಬಂಧವಿಲ್ಲದ ಗ್ರೇಪ್‌ಫ್ರೂಟ್ ಎಂಬ ನಿಂಬೆಜಾತಿಯ ಹಣ್ಣೂ, ಅದರ ಬಂಧುವಾದ ಚಕ್ಕೋತವೂ ಸಿಂವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್ ಸೇವಿಸುವವರಿಗೆ ಹಿತವಲ್ಲ. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು.

6. ಶಾಸ್ತ್ರದೃಷ್ಟಿ

"ಕರ್ಮೋದಯದಿಂದ ಬಂದದ್ದು ಬರಲಿ, ಔಷಧವೇಕೆ?" ಎಂಬುದು ವೈರಾಗ್ಯದಂತೆ ತೋರುವ ಪ್ರಮಾದ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನೆಗೆ ಹೇಳಿದ ರೋಗ ಪ್ರತೀಕಾರವಿಲ್ಲದ ರೋಗ. ಒಂದು ಗುಳಿಗೆಯಿಂದ ಹತೋಟಿಗೆ ಬರುವ ವಿಕಾರ ಅಂಥದಲ್ಲ. ಅದೇ ಗ್ರಂಥ ಔಷಧವನ್ನು ದಾನಯೋಗ್ಯ ವಸ್ತುಗಳಲ್ಲಿ ಎಣಿಸಿದೆ. ಕೊಡುವುದು ಪುಣ್ಯವಾದರೆ ರೋಗಿಯು ಸ್ವೀಕರಿಸುವುದು ದೋಷವಾದೀತೆ? ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳ ಹಿಂದೆ "ಶಕ್ತಿತಃ" ಎಂಬ ವಿಶೇಷಣ ಇರುವುದನ್ನು ಮರೆಯಬಾರದು: ಶಕ್ತಿಗೆ ತಕ್ಕಂತೆ ಎಂದೇ ಅದರ ಅರ್ಥ.

ಆರು ಬಾಹ್ಯ ತಪಸ್ಸುಗಳಲ್ಲಿ ಅನಶನ ಒಂದು ಮಾತ್ರ. ವೈದ್ಯರು ಉಪವಾಸ ಬೇಡವೆಂದರೆ ಹೊಟ್ಟೆಗೆ ಕಡಿಮೆ ಉಣ್ಣುವ ಅವಮೌದರ್ಯವಿದೆ. ತುಪ್ಪ ಎಣ್ಣೆಗಳನ್ನು ತೊರೆಯುವ ರಸಪರಿತ್ಯಾಗವಿದೆ. ಕೊಲೆಸ್ಟರಾಲ್ ಹೆಚ್ಚಿದವರಿಗೆ ತುಪ್ಪದ ತ್ಯಾಗ ತಪಸ್ಸೂ ಹೌದು, ಪಥ್ಯವೂ ಹೌದು. ಆದರೆ ಗುಳಿಗೆಗೆ ಬದಲಿಯಲ್ಲ. ಉಪವಾಸ ಮುಗಿದೊಡನೆ ಕರಿದ ತಿಂಡಿಗಳ ಪಾರಣೆ ಮಾಡುವವರು ಎರಡು ಲಾಭಗಳನ್ನೂ ಕಳೆದುಕೊಳ್ಳುತ್ತಾರೆ.

ಮನನಕ್ಕೆ ಪ್ರಶ್ನೆಗಳು: ನಿಮ್ಮ ಗುಳಿಗೆಯ ಹೆಸರೇನು? ಅದನ್ನು ಹಗಲಿನಲ್ಲಿ ಸೇವಿಸಬಹುದೆ? ನಿಮ್ಮ ವ್ರತದ ವಿಷಯ ವೈದ್ಯರಿಗೆ ಗೊತ್ತಿದೆಯೆ? ಮುಂದಿನ ಪರ್ವಕ್ಕೆ ಮೊದಲೇ ಈ ಮೂರಕ್ಕೂ ಉತ್ತರವನ್ನು ಸಿದ್ಧಪಡಿಸಿಕೊಳ್ಳಿರಿ. ಧರ್ಮಸಾಧನೆಗೆ ಶರೀರವೇ ಉಪಕರಣ. ಅದನ್ನು ಜೋಪಾನವಾಗಿ ಬಳಸುವುದೂ ವ್ರತಪಾಲನೆಯ ಅಂಗವೇ.