ದನಕ್ಕೊಂದು ಹೊತ್ತು, ನಿಮಗೂ ಒಂದು ಹೊತ್ತು



ನಮ್ಮ ತುಳಸಿಗೇರಿ ಭಾಗದಲ್ಲಿ ಹೈನುಗಾರಿಕೆ ಎಂದರೆ ಬಹುತೇಕ ಹೆಣ್ಣುಮಕ್ಕಳ ದುಡಿಮೆ. ನಸುಕಿನಲ್ಲಿ ಸೆಗಣಿ ಬಾಚುವುದರಿಂದ ಹಿಡಿದು ರಾತ್ರಿ ಗೋದಲಿಗೆ ಕಣಕಿ ಹಾಕುವವರೆಗೆ ಕೈ ಬಿಡುವಿರುವುದಿಲ್ಲ. ನಡುವೆ ರೊಟ್ಟಿ ಬಡಿಯಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು, ಹೊಲಕ್ಕೂ ಹೋಗಬೇಕು. ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮಾತ್ರ "ಮನ್ಯಾಗ ಇರ್ತೀನ್ರಿ, ಎರಡು ಆಕಳ ಅದಾವ" ಎನ್ನುತ್ತೀರಿ. ಹಿಂಡಿ ಖರೀದಿಸಿ, ಹಾಲು ಅಳೆದು, ಬಟವಾಡೆ ಎಣಿಸಿ, ಮುಂದಿನ ಕರುವಿನ ಲೆಕ್ಕ ಹಾಕುವವರು ಮನೆಯಲ್ಲಿ ಸುಮ್ಮನೆ ಇರುವವರಲ್ಲ, ಒಂದು ಸಣ್ಣ ಉದ್ದಿಮೆಯ ಒಡತಿಯರು.

ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷವನ್ನು ಅದಕ್ಕೆ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. 299 ನಿಮಿಷ ಎಂದರೆ ಹತ್ತಿರ ಹತ್ತಿರ ಐದು ತಾಸು. ದನದ ಕೆಲಸ ಇದರಲ್ಲಿ ಸೇರಿಲ್ಲ, ಅದು ಇದರ ಮೇಲಿನ ಹೊರೆ. ಈ ಹೊರೆಯಲ್ಲಿ ಯಾವುದನ್ನು ಇಳಿಸಬಹುದು, ಯಾವುದಕ್ಕೆ ಪೂರ್ತಿ ಗಮನ ಕೊಡಬೇಕು ಎಂಬುದೇ ಈ ಸಂಚಿಕೆಯ ಪಾಠ.

1. ಮೊದಲು ಹೊತ್ತಿನ ಲೆಕ್ಕ

ಹಾಲಿನ ಲೆಕ್ಕ ಸಂಘದ ಪುಸ್ತಕದಲ್ಲಿದೆ. ಹೊತ್ತಿನ ಲೆಕ್ಕ ಎಲ್ಲಿಯೂ ಇಲ್ಲ. ಮೂರು ದಿನ ಒಂದು ಹಾಳೆಯಲ್ಲಿ ಬರೆಯಿರಿ: ನೀರಿಗೆ ಎಷ್ಟು ಹೊತ್ತು, ಮೇವು ತರಲು ಎಷ್ಟು, ಹಿಂಡಲು ಎಷ್ಟು, ಡೇರಿಗೆ ಹೋಗಿಬರಲು ಎಷ್ಟು. ಬರೆಯಲು ಬಾರದಿದ್ದರೆ ಮಗಳಿಗೋ ಮಗನಿಗೋ ಹೇಳಿ ಬರೆಸಿರಿ. ಹೆಚ್ಚಿನ ಮನೆಗಳಲ್ಲಿ ಬಹಳ ಹೊತ್ತು ತಿನ್ನುವ ಕೆಲಸಗಳು ಎರಡೇ: ನೀರು ಮತ್ತು ಮೇವು. ಹಾಲು ಹೆಚ್ಚಿಸುವ ಕೆಲಸಗಳಾದ ಹಿಂಡುವುದು, ಬೆದೆ ನೋಡುವುದು, ಕರು ನೋಡುವುದು, ಇವಕ್ಕೆ ಸಿಗುವುದು ಉಳಿದ ಚೂರುಪಾರು ಹೊತ್ತು. ಇದನ್ನು ತಿರುವುಮುರುವು ಮಾಡಬೇಕು.

2. ನೀರು ಹೊರುವುದನ್ನು ಬಿಡಿ

ದಿನಕ್ಕೆ 10 ಲೀಟರ್ ಹಾಲು ಕೊಡುವ ಆಕಳಿಗೆ ಬೇಸಿಗೆಯಲ್ಲಿ 60ರಿಂದ 80 ಲೀಟರ್ ನೀರು ಬೇಕು. 15 ಲೀಟರಿನ ಕೊಡದಲ್ಲಿ ಲೆಕ್ಕ ಹಾಕಿದರೆ ಒಂದು ಆಕಳಿಗೆ ನಾಲ್ಕೈದು ಕೊಡ, ಎರಡಕ್ಕೆ ಎಂಟು ಹತ್ತು ಕೊಡ. ಅಷ್ಟು ಹೊತ್ತುಕೊಟ್ಟರೂ ನಾವು ತಂದಾಗ ಅದಕ್ಕೆ ನೀರಡಿಕೆ ಇರಲಿಕ್ಕಿಲ್ಲ, ನೀರಡಿಸಿದಾಗ ಮುಂದೆ ನೀರು ಇರಲಿಕ್ಕಿಲ್ಲ. ನೀರು ಕಡಿಮೆಯಾದರೆ ಮೊದಲು ಇಳಿಯುವುದು ಹಾಲು.

ಗೋದಲಿಯ ಪಕ್ಕದಲ್ಲೇ ಒಂದು ಸಣ್ಣ ಸಿಮೆಂಟ್ ತೊಟ್ಟಿ ಕಟ್ಟಿಸಿ, ನಳದಿಂದ ಅದಕ್ಕೆ ಪೈಪ್ ಎಳೆಯಿರಿ. ಜಾಗವಿದ್ದವರು ಸುತ್ತ ಬೇಲಿ ಹಾಕಿ ದನಗಳನ್ನು ಹಗ್ಗ ಬಿಚ್ಚಿ ಬಿಡಿ. ಬೇಕಾದಾಗ ತಾವೇ ಕುಡಿಯುತ್ತವೆ, ನೆರಳಿಗೆ ಹೋಗಿ ಮಲಗುತ್ತವೆ. ತೊಟ್ಟಿಯನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆದು ಒಳಗೆ ಸುಣ್ಣ ಬಳಿಯಿರಿ.

3. ಮೇವು ದಿನಾ ಕೊಯ್ಯಬೇಕಿಲ್ಲ

ದಿನವೂ ಹಸಿ ಹುಲ್ಲು ಕೊಯ್ದು ತಲೆಯ ಮೇಲೆ ಹೊತ್ತು ತರುವ ಕೆಲಸವನ್ನು ರಸಮೇವು ಬಹಳಷ್ಟು ಇಳಿಸುತ್ತದೆ. ಗೋವಿನ ಜೋಳದ ಕಾಳು ಹಾಲುಗಾಳು ದಾಟಿ ಹಿಟ್ಟಿನಂತೆ ಗಟ್ಟಿಯಾಗುವ ಹೊತ್ತಿಗೆ ಕೊಯ್ದು, ಒಂದು ಇಂಚಿನಷ್ಟು ತುಂಡು ಮಾಡಿ, ಗುಂಡಿ ಅಥವಾ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಪದರು ಪದರಾಗಿ ತುಳಿದು, ಗಾಳಿ ಹೋಗದಂತೆ ಮುಚ್ಚಿ. 45 ದಿನಕ್ಕೆ ಮೇವು ಸಿದ್ಧ.

ಒಂದು ಆಕಳಿಗೆ ದಿನಕ್ಕೆ 15 ಕೆ.ಜಿ. ಎಂದರೆ, ಎರಡಕ್ಕೆ ತಿಂಗಳಿಗೆ 900 ಕೆ.ಜಿ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿಯನ್ನು ಚೆನ್ನಾಗಿ ತುಳಿದು ತುಂಬಿದರೆ ಸುಮಾರು ಅಷ್ಟು ಹಿಡಿಯುತ್ತದೆ. ತುಂಬುವ ಎರಡು ದಿನ ಮನೆಮಂದಿಯೆಲ್ಲ ಕೈ ಹಚ್ಚಬೇಕು. ಆಮೇಲೆ ಒಂದು ತಿಂಗಳು ದಿನಾ ಕೊಯ್ಯುವ ಗೋಜಿಲ್ಲ. ಬೂಷ್ಟು ಹಿಡಿದ ಮೇವನ್ನು ಮಾತ್ರ ತಿನ್ನಿಸಬೇಡಿ. ಬಣವಿಯ ಕಣಕಿಯನ್ನೂ ಇಡಿಯಾಗಿ ಹಾಕದೆ ಕತ್ತರಿಸಿ ಹಾಕಿದರೆ ಕಾಲಡಿ ಬಿದ್ದು ಹಾಳಾಗುವುದು ಕಡಿಮೆ, ಗುಡಿಸುವ ಕೆಲಸವೂ ಕಡಿಮೆ.

4. ಏಳು ನಿಮಿಷ ಆಕಳಿಗೆ ಮಾತ್ರ

ಕೆಚ್ಚಲು ತೊಳೆದು ಒರೆಸಿದೊಡನೆ ಆಕಳು ಸೊರೆಬಿಡುತ್ತದೆ. ಹಾಲನ್ನು ಇಳಿಸುವ ಆ ಚೋದನಿಕೆಯ ಬಲ ಇರುವುದು ಐದರಿಂದ ಏಳು ನಿಮಿಷ. ಅಷ್ಟರೊಳಗೆ ಹಿಂಡಿ ಮುಗಿಸಬೇಕು. ನಡುವೆ ಫೋನ್ ಬಂತು, ಒಲೆಯ ಮೇಲಿನ ಹಾಲು ಉಕ್ಕಿತು ಎಂದು ಎದ್ದು ಹೋದರೆ ಉಳಿದ ಹಾಲು ಕೆಚ್ಚಲಲ್ಲೇ ನಿಲ್ಲುತ್ತದೆ. ಹೀಗೆ ದಿನಾ ಉಳಿದರೆ ಹಾಲು ಕಡಿಮೆಯಾಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಬೈದರೆ, ಹೊಡೆದರೆ ಆಕಳು ಹೆದರಿ ಹಾಲು ಏರಿಸಿಕೊಳ್ಳುತ್ತದೆ. ಹಿಂಡುವಾಗ ನಿಮ್ಮನ್ನು ಕರೆಯಬಾರದೆಂದು ಮನೆಯಲ್ಲಿ ಹೇಳಿಡಿ.

ಹಿಂಡಿದ ಮೇಲೆ ಮೊಲೆತೊಟ್ಟಿನ ರಂಧ್ರ ಮುಚ್ಚಲು ಸುಮಾರು ಅರ್ಧ ತಾಸು ಬೇಕು. ಆಗ ಮೇವು ಹಾಕಿದರೆ ಆಕಳು ನಿಂತೇ ಇರುತ್ತದೆ, ಕೊಳಕು ನೆಲಕ್ಕೆ ಕೆಚ್ಚಲು ತಾಗುವುದಿಲ್ಲ.

5. ಬೆದೆ: ದಿನಾ ಚಿಂತೆ ಬೇಡ, ತಾರೀಖು ಬರೆಯಿರಿ

ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಗುರುತಿಸಿದರೆ, 18ರಿಂದ 24ನೇ ದಿನದವರೆಗೆ ಹೆಚ್ಚು ಲಕ್ಷ್ಯ ಕೊಟ್ಟರೆ ಸಾಕು. ಆ ದಿನಗಳಲ್ಲಿ ಮುಂಜಾನೆ ಮತ್ತು ರಾತ್ರಿ ಇಪ್ಪತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಎಮ್ಮೆ ಹೆಚ್ಚಾಗಿ ಒದರುವುದಿಲ್ಲ. ಲೋಳೆ, ಪದೇ ಪದೇ ಉಚ್ಚೆ, ಹಾಲು ಇಳಿಯುವುದು, ಇವೇ ಅದರ ಗುರುತು. ಮುಂಜಾನೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಕೃತಕ ಗರ್ಭಧಾರಣೆ ಮಾಡಿಸಿ.

ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ದಿನಕ್ಕೆ 150 ರೂಪಾಯಿ ಮೇವು, ಹಿಂಡಿ ಎಂದು ಹಿಡಿದರೂ 3,150 ರೂಪಾಯಿ ನಿಮ್ಮ ಗಂಟಿನಿಂದ ಹೋದಂತೆ.

6. ಎಣಿಕೆ ಹೆಚ್ಚಿದರೆ ಲಾಭ ಹೆಚ್ಚುವುದಿಲ್ಲ

ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದ ದನ ಮನೆಯಲ್ಲಿದ್ದರೆ, ಮೊದಲು ಪಶುವೈದ್ಯರಿಂದ ತಪಾಸಣೆ ಮಾಡಿಸಿ. ನೋಡುವ ಕೈ ಒಂದೇ ಇರುವಾಗ ಚೆನ್ನಾಗಿ ನೋಡಿಕೊಂಡ ಎರಡು ದನ, ಅರೆಬರೆ ನೋಡಿದ ನಾಲ್ಕಕ್ಕಿಂತ ಮೇಲು. ಹೊಸ ಆಕಳಿಗೆ ಸಾಲ ತೆಗೆಯುವ ಮೊದಲು ಬ್ಯಾಂಕಿನ ಕಂತು ಕೇಳಿದಂತೆಯೇ, ದಿನಕ್ಕೆ ಇನ್ನೆರಡು ತಾಸು ಎಲ್ಲಿಂದ ತರುವಿರಿ ಎಂದೂ ಕೇಳಿಕೊಳ್ಳಿ.

7. ಎರಡನೇ ಕೈ ತಯಾರಿರಲಿ

ನೀವೊಬ್ಬರೇ ಹಿಂಡಿದರೆ ಆಕಳು ನಿಮ್ಮ ಕೈಗೇ ಒಗ್ಗುತ್ತದೆ. ಆಮೇಲೆ ತವರಿಗೆ ಹೋಗಲಾರಿರಿ, ಜ್ವರ ಬಂದರೆ ಮಲಗಲಾರಿರಿ, ನಮ್ಮೂರ ಹಣಮಪ್ಪನ ಜಾತ್ರೆಯಲ್ಲೂ ಸಂಜೆಯಾಗುತ್ತಲೇ ಮನೆಗೆ ಓಡಬೇಕು. ಗಂಡ, ಮಗ, ಸೊಸೆ, ಯಾರಾದರೂ ಒಬ್ಬರು ವಾರಕ್ಕೆ ಎರಡು ಹೊತ್ತು ಹಿಂಡಲಿ. ಮೊದಮೊದಲು ಹಾಲು ಅರ್ಧ ಲೀಟರ್ ಕಡಿಮೆ ಬಂದೀತು. ಅದನ್ನು ನಷ್ಟವೆನ್ನಬೇಡಿ, ಕಲಿಕೆಯ ಖರ್ಚು ಎಂದುಕೊಳ್ಳಿ.

8. ನಿಮ್ಮ ಮೈಯನ್ನೂ ನೋಡಿಕೊಳ್ಳಿ

ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ವಾರಗಟ್ಟಲೆ ಹೋಗದ ಆಯಾಸ ಇದ್ದರೆ ದುಡಿಮೆಯ ದಣಿವೆಂದು ಸುಮ್ಮನಿರಬೇಡಿ. ಕಂದು ಹಾಕಿದ ದನದ ಮಾಸು ಮುಟ್ಟಿದವರಿಗೂ ಹಸಿ ಹಾಲು ಕುಡಿದವರಿಗೂ ಬ್ರೂಸೆಲ್ಲೋಸಿಸ್ ಹತ್ತಬಹುದು. ದನದ ಜೊತೆ ಕೆಲಸ ಮಾಡುತ್ತೇನೆಂದು ವೈದ್ಯರಿಗೆ ಹೇಳಿ ರಕ್ತ ತಪಾಸಣೆ ಕೇಳಿ. ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಾಲು ಕಾಯಿಸಿಯೇ ಕುಡಿಯಿರಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಹಾಕಿಸಿ.

ಈ ವಾರ ಮಾಡಬೇಕಾದದ್ದು

ಎಲ್ಲವನ್ನೂ ಒಮ್ಮೆಲೇ ಹಚ್ಚಿಕೊಳ್ಳಬೇಡಿ. ಈ ವಾರ ಮೂರು ದಿನದ ಹೊತ್ತಿನ ಲೆಕ್ಕ ಬರೆಯಿರಿ, ಪ್ರತಿ ದನದ ಬೆದೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ಮುಂದಿನ ಬಟವಾಡೆಯಲ್ಲಿ ತೊಟ್ಟಿ ಮತ್ತು ಪೈಪಿಗೆಂದು ಸ್ವಲ್ಪ ತೆಗೆದಿಡಿ. ಸಂಘದ ಸಭೆಗೆ ಬರುವಾಗ ಆ ಹಾಳೆ ತನ್ನಿ. ಯಾವ ಕೆಲಸವನ್ನು ಮೊದಲು ಇಳಿಸಬಹುದು ಎಂದು ಕೂಡಿ ಕುಳಿತು ನೋಡೋಣ. ಉಳಿದ ಹೊತ್ತನ್ನು ಇನ್ನೊಂದು ಕೆಲಸಕ್ಕೆ ಕೊಡಬೇಕೆಂದೇನೂ ಇಲ್ಲ. ಮಧ್ಯಾಹ್ನ ಒಂದು ತಾಸು ಮಲಗಿದರೂ ಅದು ಒಡತಿಯ ಹಕ್ಕೇ.