ಉಪವಾಸದಲ್ಲಿ ಹಳದಿಯಾಗುವ ಕಣ್ಣು: ವಂಶವಾಹಿಯ ಭೇದವೂ ತಪಃಶಕ್ತಿಯೂ

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳೆರಡಕ್ಕೂ ‘ಶಕ್ತ್ಯನುಸಾರ’ ಎಂಬ ಕಟ್ಟಳೆಯಿರುವುದನ್ನು ಸ್ವಾಧ್ಯಾಯಶೀಲರಾದ ಶ್ರಾವಕ ಶ್ರಾವಿಕೆಯರು ಬಲ್ಲರು. ಇರುವ ಶಕ್ತಿಯನ್ನು ಬಚ್ಚಿಡಲೂ ಬಾರದು, ಇಲ್ಲದ ಶಕ್ತಿಯನ್ನು ಉಂಟೆಂದು ಬಗೆಯಲೂ ಬಾರದು. ಆದರೆ ಶಕ್ತಿಯೆಂದರೆ ಮನೋದಾರ್ಢ್ಯವೊಂದೇ ಅಲ್ಲ. ಶರೀರವು ಆಹಾರವಿಲ್ಲದ ಹೊತ್ತಿನಲ್ಲಿ ತನ್ನನ್ನು ತಾನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೂ ಶಕ್ತಿಯೇ. ಇದರ ಒಂದು ಪಾಲು ತಾಯಿತಂದೆಯರಿಂದ ಬಂದ ವಂಶವಾಹಿಗಳಲ್ಲಿ, ಎಂದರೆ ವೈದ್ಯರು ಜೀನ್‌ಗಳೆಂದು ಕರೆಯುವ ಸೂಕ್ಷ್ಮ ಆದೇಶಗಳಲ್ಲಿ, ಹುಟ್ಟುವ ಮೊದಲೇ ನಿರ್ಣಯವಾಗಿರುತ್ತದೆ.

ಒಂದೇ ಮನೆಯ ಅಣ್ಣತಮ್ಮಂದಿರಿಬ್ಬರು ದಶಲಕ್ಷಣ ಪರ್ವದಲ್ಲಿ ಒಟ್ಟಿಗೆ ಉಪವಾಸ ಕೈಗೊಂಡರೆಂದು ಇಟ್ಟುಕೊಳ್ಳಬಹುದು. ಇಬ್ಬರೂ ಚತುರ್ವಿಧಾಹಾರವನ್ನು ತ್ಯಜಿಸಿದ್ದಾರೆ, ಇಬ್ಬರೂ ಬಸದಿಗೆ ಹೋಗಿ ಪೂಜೆಯಲ್ಲಿ ಕುಳಿತಿದ್ದಾರೆ. ಎರಡನೆಯ ದಿನ ಬೆಳಿಗ್ಗೆ ತಮ್ಮನ ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿರುತ್ತದೆ, ಅಣ್ಣನ ಕಣ್ಣು ಎಂದಿನಂತಿರುತ್ತದೆ. ಮನೆಯಲ್ಲಿ ಗಾಬರಿ. ಒಬ್ಬರು ಕಾಮಾಲೆ ಎನ್ನುತ್ತಾರೆ, ಇನ್ನೊಬ್ಬರು ಪಿತ್ತ ಕೆರಳಿತೆನ್ನುತ್ತಾರೆ, ಮತ್ತೊಬ್ಬರು ಹುಡುಗನ ಭಾವಶುದ್ಧಿಯ ಮೇಲೆಯೇ ಸಂಶಯ ಪಡುತ್ತಾರೆ. ಈ ಮೂರನೆಯ ಮಾತು ಎಲ್ಲಕ್ಕಿಂತ ಅನ್ಯಾಯವಾದುದು. ಏಕೆಂದರೆ ಇಂತಹ ಹಳದಿಗೆ ಬಹುಮಟ್ಟಿಗೆ ಕಾರಣವಾಗಿರುವುದು ಒಂದು ವಂಶವಾಹಿಯಲ್ಲಿ ಹೆಚ್ಚಾಗಿ ಸೇರಿಕೊಂಡ ಎರಡೇ ಎರಡು ಅಕ್ಷರ.

ರಕ್ತದಲ್ಲಿರುವ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳು ಒಡೆದಾಗ ಅವುಗಳ ಕೆಂಪು ದ್ರವ್ಯದಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಆರೋಗ್ಯವಂತನ ದೇಹದಲ್ಲಿ ದಿನಕ್ಕೆ ಸುಮಾರು 250ರಿಂದ 300 ಮಿಲಿಗ್ರಾಂ ಇದು ತಯಾರಾಗುತ್ತಲೇ ಇರುತ್ತದೆ. ಇದು ನೀರಿನಲ್ಲಿ ಕರಗದು. ಆದಕಾರಣ ಯಕೃತ್ತು ಇದಕ್ಕೆ ಸಕ್ಕರೆಯ ಜಾತಿಯ ಒಂದು ಅಣುವನ್ನು ಜೋಡಿಸಿ, ಕರಗುವಂತೆ ಮಾಡಿ, ಪಿತ್ತರಸದ ಮೂಲಕ ಕರುಳಿಗೆ ಸಾಗಿಸುತ್ತದೆ. ಈ ಜೋಡಣೆಯನ್ನು ಮಾಡುವ ಕಿಣ್ವದ ಹೆಸರು ಯುಜಿಟಿ1ಎ1. ಅದರ ವಂಶವಾಹಿಯು 2ನೆಯ ವರ್ಣತಂತುವಿನಲ್ಲಿದೆ. ವಂಶವಾಹಿಯ ಆರಂಭದಲ್ಲಿ, ಎಷ್ಟು ಕಿಣ್ವ ತಯಾರಾಗಬೇಕೆಂಬುದನ್ನು ನಿಯಂತ್ರಿಸುವ ಜಾಗದಲ್ಲಿ, ಟಿ ಮತ್ತು ಎ ಎಂಬ ಅಕ್ಷರಗಳ ಜೋಡಿ ಸಾಮಾನ್ಯವಾಗಿ 6 ಸಲ ಬರುತ್ತದೆ. ಕೆಲವರಲ್ಲಿ ಅದು 7 ಸಲ ಬರುತ್ತದೆ. ತಂದೆಯಿಂದಲೂ ತಾಯಿಯಿಂದಲೂ ಈ 7ರ ರೂಪವೇ ಬಂದಿದ್ದರೆ ಕಿಣ್ವದ ಕೆಲಸ ಸಾಮಾನ್ಯದ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಫ್ರಾನ್ಸಿನ ವೈದ್ಯರಾದ ಗಿಲ್ಬರ್ಟ್ ಮತ್ತು ಲೆರೆಬುಲೆ ಎಂಬುವರು 1901ರಲ್ಲಿ ಈ ಸ್ಥಿತಿಯನ್ನು ವರ್ಣಿಸಿದರು. ಆದಕಾರಣ ಇದಕ್ಕೆ ಗಿಲ್ಬರ್ಟ್ ಲಕ್ಷಣವೆಂದು ಹೆಸರು. ಅಕ್ಷರಭೇದವು ಪತ್ತೆಯಾದುದು 1995ರಲ್ಲಿ. ಲೋಕದ ಅನೇಕ ಕಡೆ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಈ ಲಕ್ಷಣವುಂಟೆಂದು ಅಂದಾಜು. ಎಂದರೆ ದೊಡ್ಡದೊಂದು ಬಸದಿಯ ಪರ್ವಸಭೆಯಲ್ಲಿ ಇಂಥವರು ಹಲವರು ಕುಳಿತಿರುತ್ತಾರೆ. ಅವರಲ್ಲಿ ಬಹುಮಂದಿಗೆ ಅದರ ಅರಿವೇ ಇರುವುದಿಲ್ಲ. ನಿತ್ಯದ ದಿನಗಳಲ್ಲಿ ಕಣ್ಣು ಬಿಳಿಯಾಗಿಯೇ ಇರುವುದರಿಂದ ತಿಳಿಯುವ ಅವಕಾಶವೂ ಇಲ್ಲ.

ಉಪವಾಸವು ಈ ಗುಟ್ಟನ್ನು ಹೊರಗೆ ತರುತ್ತದೆ. ಆಹಾರ ನಿಂತಾಗ ಕೊಬ್ಬು ಕರಗಿ, ಅದರಲ್ಲಿ ಅಡಗಿದ್ದ ಬಿಲಿರುಬಿನ್ ರಕ್ತಕ್ಕೆ ಬರುತ್ತದೆ. ಕರುಳಿನ ಚಲನೆ ನಿಧಾನವಾಗಿ ಹೊರಹೋಗಬೇಕಾದುದರ ಒಂದಂಶ ಮರಳಿ ಒಳಸೇರುತ್ತದೆ. ಯಕೃತ್ತು ರಕ್ತದಿಂದ ಅದನ್ನು ಸೆಳೆದುಕೊಳ್ಳುವುದೂ ಕಡಿಮೆಯಾಗುತ್ತದೆ. ಯಾರೇ ಉಪವಾಸ ಮಾಡಿದರೂ ರಕ್ತದ ಬಿಲಿರುಬಿನ್ ಅಷ್ಟಿಷ್ಟು ಏರುವುದೇ ಸರಿ. ಗಿಲ್ಬರ್ಟ್ ಲಕ್ಷಣವುಳ್ಳವರಲ್ಲಿ ಅದು ಇಮ್ಮಡಿ ಅಥವಾ ಅದಕ್ಕೂ ಹೆಚ್ಚಾಗಿ ಕಣ್ಣಿಗೆ ಕಾಣುವ ಮಟ್ಟ ಮುಟ್ಟುತ್ತದೆ. ಅಕ್ಷರಭೇದ ತಿಳಿಯುವ ಮೊದಲು ಪಾಶ್ಚಾತ್ಯ ವೈದ್ಯರು ರೋಗನಿರ್ಣಯಕ್ಕೆ ಬಳಸುತ್ತಿದ್ದ ಪರೀಕ್ಷೆಯೂ ಇದೇ: ದಿನಕ್ಕೆ 400 ಕ್ಯಾಲೊರಿ ಮಾತ್ರ ಆಹಾರ ಕೊಟ್ಟು 48 ಗಂಟೆಗಳ ಬಳಿಕ ರಕ್ತ ನೋಡುವುದು. ಉತ್ತಮ ಪ್ರೋಷಧೋಪವಾಸವು ಹದಿನಾರು ಯಾಮಗಳದು, ಎಂದರೆ ಇದೇ 48 ಗಂಟೆ. ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಮಾಡಿಸಿದ್ದನ್ನು ಶ್ರಾವಕರು ಅಷ್ಟಮಿ ಚತುರ್ದಶಿಗಳಲ್ಲಿ ವ್ರತಕ್ಕೆಂದು ಮಾಡುತ್ತ ಬಂದಿರುವುದರಿಂದ, ಈ ಹಳದಿಯು ಜೈನ ಮನೆಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಆಶ್ಚರ್ಯವಲ್ಲ. ಜ್ವರ, ನಿದ್ದೆಗೇಡು, ಅತಿಶ್ರಮ, ನೀರಿನ ಅಭಾವ, ಮುಟ್ಟಿನ ದಿನಗಳು, ಇವೂ ಹಾಗೆಯೇ ಹಳದಿಯನ್ನು ತರುವವು.

ಗಿಲ್ಬರ್ಟ್ ಲಕ್ಷಣವು ರೋಗವೆನಿಸಿಕೊಳ್ಳುವಷ್ಟು ದೊಡ್ಡದಲ್ಲ. ಯಕೃತ್ತು ಕೆಡುವುದಿಲ್ಲ, ಔಷಧ ಬೇಕಿಲ್ಲ, ಪಾರಣೆಯಾದ ಒಂದೆರಡು ದಿನಗಳಲ್ಲಿ ಹಳದಿ ತಾನಾಗಿ ಇಳಿಯುತ್ತದೆ. ಕೇಡು ಬರುವುದು ತಪ್ಪು ತಿಳಿವಳಿಕೆಯಿಂದ. ಕರ್ನಾಟಕದ ಹಳ್ಳಿಗಳಲ್ಲಿ ಕಾಮಾಲೆಗೆ ಕಾದ ಕಬ್ಬಿಣದಿಂದ ಬರೆ ಹಾಕುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ನಿರಪಾಯವಾದ ಹಳದಿಗೆ ಹೀಗೆ ಸುಟ್ಟ ಗಾಯವನ್ನು ಪಡೆದವರು ಎಷ್ಟು ಮಂದಿಯೋ! ತಾನಾಗಿ ಇಳಿಯುವ ಹಳದಿಯನ್ನು ಬರೆಯೇ ಇಳಿಸಿತೆಂಬ ಕೀರ್ತಿಯೂ ಅದಕ್ಕೆ ಸುಲಭವಾಗಿ ದೊರೆಯುತ್ತಿತ್ತು. ಇನ್ನೊಂದು ಕಡೆಯ ತಪ್ಪು ಇದಕ್ಕಿಂತಲೂ ಘೋರ: ನಿಜವಾದ ಕಾಮಾಲೆಯನ್ನು “ಉಪವಾಸದ ಹಳದಿ, ತಾನೇ ಹೋಗುತ್ತದೆ” ಎಂದು ಕಡೆಗಣಿಸುವುದು. ಜ್ವರ, ವಾಂತಿ, ಬಲಪಕ್ಕೆಯ ನೋವು, ಮೈ ತುರಿಕೆ, ಬಿಳಿಚಿದ ಮಲ, ಕಡು ಚಹಾದ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದಿದ್ದರೂ ಅದು ಗಿಲ್ಬರ್ಟ್ ಲಕ್ಷಣದ ಹಳದಿಯೆಂದು ತಳ್ಳಿಹಾಕತಕ್ಕದ್ದಲ್ಲ. ನೀರನ್ನೂ ಬಿಟ್ಟ ಉಪವಾಸದಲ್ಲಿ ಎಲ್ಲರ ಮೂತ್ರವೂ ಗಾಢವಾಗುವುದರಿಂದ ಬಣ್ಣವೊಂದನ್ನೇ ನಂಬಿ ನಿರ್ಣಯಿಸುವುದೂ ಸಲ್ಲದು. ನಿರ್ಣಯ ರಕ್ತಪರೀಕ್ಷೆಯದು: ಯಕೃತ್ತು ಜೋಡಣೆ ಮಾಡುವ ಮೊದಲಿನ ಬಿಲಿರುಬಿನ್ ಮಾತ್ರ ಹೆಚ್ಚಿದ್ದು, ಯಕೃತ್ತಿನ ಉಳಿದ ಪರೀಕ್ಷೆಗಳು ಸರಿಯಾಗಿದ್ದು, ರಕ್ತಕಣಗಳು ಅಕಾಲದಲ್ಲಿ ಒಡೆಯುತ್ತಿಲ್ಲವೆಂದು ಖಚಿತವಾದರೆ ಭಯಕ್ಕೆ ಕಾರಣವಿಲ್ಲ. ಒಮ್ಮೆ ಹೀಗೆ ಗೊತ್ತಾದ ಮೇಲೆ ಆ ಶ್ರಾವಕನು ನಿಶ್ಚಿಂತೆಯಿಂದ ವ್ರತವನ್ನು ನಡೆಸಬಹುದು.

ಎಲ್ಲ ಅಕ್ಷರಭೇದಗಳೂ ಇಷ್ಟು ಸೌಮ್ಯವಾಗಿರುವುದಿಲ್ಲ. ತೀವ್ರ ಪಾರ್ಫೈರಿಯಾ ಎಂಬ ವಿರಳ ರೋಗದಲ್ಲಿ ದೋಷವಿರುವುದು ರಕ್ತದ ಕೆಂಪು ದ್ರವ್ಯವನ್ನು ಕಟ್ಟುವ ಕಿಣ್ವವೊಂದರಲ್ಲಿ. ಅದರ ವಂಶವಾಹಿ 11ನೆಯ ವರ್ಣತಂತುವಿನಲ್ಲಿದೆ. ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು. ದೋಷವನ್ನು ಹೊತ್ತವರಲ್ಲಿ ಹೆಚ್ಚಿನವರು ಜೀವಮಾನವಿಡೀ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಆಹಾರ ನಿಂತಾಗ ಯಕೃತ್ತು ಕೆಂಪು ದ್ರವ್ಯ ಕಟ್ಟುವ ಕೆಲಸದ ಮೊದಲ ಹಂತವನ್ನು ಚುರುಕುಗೊಳಿಸುತ್ತದೆ. ನಡುವಿನ ಹಂತ ಕುಂಟುವುದರಿಂದ ಅರೆಬೆಂದ ವಸ್ತುಗಳು ತುಂಬಿಕೊಂಡು ನರಗಳನ್ನು ಬಾಧಿಸುತ್ತವೆ. ಹೊಟ್ಟೆಯಲ್ಲಿ ತಡೆಯಲಾರದ ನೋವು, ಕೈಕಾಲುಗಳ ಬಲಹೀನತೆ, ಬುದ್ಧಿಭ್ರಮೆ, ಬಿಸಿಲಿಗಿಟ್ಟರೆ ಕಪ್ಪಗೆ ಕೆಂಪಾಗುವ ಮೂತ್ರ, ಇವು ಲಕ್ಷಣಗಳು. ಹರೆಯ ಬಂದ ಸ್ತ್ರೀಯರಲ್ಲಿ ಹೆಚ್ಚು. ಚಿಕಿತ್ಸೆಯ ಮೊದಲ ಹೆಜ್ಜೆಯೇ ಗ್ಲೂಕೋಸ್. ಇಂಥವರಿಗೆ ಒಂದು ದಿನದ ನಿರಾಹಾರವೂ ಪ್ರಾಣಸಂಕಟವಾಗಬಹುದು. ಉಪವಾಸದ ದಿನ ಪದೇ ಪದೇ ಅಸಾಧ್ಯ ಹೊಟ್ಟೆನೋವು ಬರುವ ಹೆಣ್ಣುಮಗಳನ್ನು “ಸೈರಣೆ ಸಾಲದು” ಎಂದು ಗದರಿಸುವ ಮುನ್ನ ಮನೆಯ ಹಿರಿಯರು ಈ ರೋಗದ ಹೆಸರನ್ನು ವೈದ್ಯರ ಮುಂದೆ ಎತ್ತುವುದು ಒಳಿತು. ವಿರಳವಾದುದರಿಂದ ವೈದ್ಯರಿಗೂ ಅದು ಕೂಡಲೇ ಹೊಳೆಯುವುದಿಲ್ಲ.

ಮಕ್ಕಳ ವಿಷಯ ಬೇರೆ. ಆಹಾರವಿಲ್ಲದಾಗ ದೇಹವು ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು, ಅದು ಮುಗಿಯುತ್ತ ಬಂದಂತೆ ಕೊಬ್ಬನ್ನು ಉರಿಸುತ್ತದೆ. ಕೊಬ್ಬನ್ನು ಉರಿಸುವ ಕಿಣ್ವಗಳಲ್ಲೊಂದು ಹುಟ್ಟಿನಿಂದಲೇ ಇಲ್ಲದ ಮಕ್ಕಳುಂಟು. ಊಟಮಾಡಿಕೊಂಡು ಆಡುತ್ತಿರುವವರೆಗೆ ಅವರಲ್ಲಿ ಯಾವ ಕುಂದೂ ಕಾಣದು. ಜ್ವರದಿಂದಲೋ ಇನ್ನಾವುದರಿಂದಲೋ ಆಹಾರ ತಪ್ಪಿದಾಗ ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪುತ್ತಾರೆ. ಇಂತಹ ದೋಷಗಳು ಹೊರಪಡಬೇಕಾದರೆ ತಾಯಿತಂದೆಯರಿಬ್ಬರಿಂದಲೂ ಬರಬೇಕು. ರಕ್ತಸಂಬಂಧದ ಮದುವೆಗಳಲ್ಲಿ ಆ ಸಂಭವ ಹೆಚ್ಚು. 1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳಲ್ಲಿ ನಡೆದ ನವಜಾತ ಶಿಶುಗಳ ಪರೀಕ್ಷೆಯಲ್ಲಿ ಲಕ್ಷಕ್ಕೂ ಮೇಲ್ಪಟ್ಟ ಶಿಶುಗಳ ತಾಯಿತಂದೆಯರನ್ನು ವಿಚಾರಿಸಲಾಗಿ, ಸುಮಾರು ಮೂರನೆಯ ಒಂದು ಭಾಗ ಸೋದರಮಾವ ಅಥವಾ ಸೋದರಸಂಬಂಧದ ಮದುವೆಗಳೆಂದು ಕಂಡುಬಂದಿತು. ಚಿಕ್ಕ ಮಕ್ಕಳು ಹಿರಿಯರನ್ನು ನೋಡಿ ಉತ್ಸಾಹದಿಂದ ನಿರಾಹಾರಕ್ಕೆ ಹಟಹಿಡಿಯುವುದುಂಟು. ಅದನ್ನು ಹೊಗಳಿ ಬೆಳೆಸುವುದು ವಿವೇಕವಲ್ಲ. ಒಂದು ದಿನ ಸಿಹಿ ಬಿಡುವುದು, ರಾತ್ರಿಭೋಜನ ಬಿಡುವುದು ಅವರಿಗೆ ಸಾಕಾದಷ್ಟು ದೊಡ್ಡ ನಿಯಮ.

ಉಪವಾಸ ಸಲ್ಲದವರಿಗೆ ತಪಸ್ಸೇ ಮುಚ್ಚಿಹೋಯಿತೆಂದು ಯಾರೂ ಕುಗ್ಗಬೇಕಿಲ್ಲ. ಬಾಹ್ಯತಪಗಳು ಆರು, ಅನಶನ ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆತುಂಬ ಉಣ್ಣದಿರುವ ಅವಮೌದರ್ಯವಿದೆ, ಹಾಲು ಮೊಸರು ತುಪ್ಪ ಉಪ್ಪು ಮೊದಲಾದ ರಸಗಳನ್ನು ಬಿಡುವ ರಸಪರಿತ್ಯಾಗವಿದೆ. ಇವುಗಳಲ್ಲಿಯೂ ತಾರತಮ್ಯ ಬೇಕು: ಪಾರ್ಫೈರಿಯಾ ಉಳ್ಳವರಿಗೆ ಅನ್ನದ ಅಂಶವನ್ನು ತೀರ ಇಳಿಸುವುದು ಕೂಡದು, ಆದರೆ ಒಂದು ರಸವನ್ನು ಬಿಟ್ಟರೆ ಬಾಧೆಯಿಲ್ಲ. ಆಗಮಗಳಲ್ಲಿ ಹೇಳಿದ ಆರು ಬಗೆಯ ಸಂಹನನಗಳೂ ಈ ವಂಶವಾಹಿಯ ಭೇದಗಳೂ ಒಂದೇ ಎಂದು ಸಾರುವವರು ಕೆಲವರಿದ್ದಾರೆ. ಅದು ಆತುರದ ಮಾತು. ಎರಡೂ ತಮ್ಮ ತಮ್ಮ ನೆಲೆಯಲ್ಲಿ ನಿಲ್ಲಲಿ.

ಪಾರಣೆಯ ದಿನದ ಒಂದು ಸಣ್ಣ ಸಂಗತಿ. ಎಳೆಯ ಮಕ್ಕಳೆಲ್ಲರಿಗೂ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವಿರುತ್ತದೆ. ಬೆಳೆದಂತೆ ಅನೇಕರಲ್ಲಿ ಅದು ಕುಗ್ಗುತ್ತದೆ. ದೊಡ್ಡವರಾದ ಮೇಲೂ ಅದನ್ನು ಉಳಿಸುವ ಒಂದು ಅಕ್ಷರದ ಭೇದವನ್ನು ಫಿನ್ಲೆಂಡಿನ ಸಂಶೋಧಕರು 2002ರಲ್ಲಿ ಕಂಡುಹಿಡಿದರು. ಭಾರತದಲ್ಲಿ ಅದು ವಾಯವ್ಯದ ಕಡೆ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಬರಿಹೊಟ್ಟೆಗೆ ಲೋಟದ ತುಂಬ ಹಾಲು ಕುಡಿದು ಹೊಟ್ಟೆಯುಬ್ಬರದಿಂದ ನರಳುವವರು ಮಜ್ಜಿಗೆಯಿಂದಲೋ ತೆಳ್ಳಗಿನ ಗಂಜಿಯಿಂದಲೋ ಪಾರಣೆ ಆರಂಭಿಸಿದರೆ ಸುಖ.

ಮಧುಮೇಹದ ಮಾತು ಇಷ್ಟು ಹಗುರವಲ್ಲ. 10ನೆಯ ವರ್ಣತಂತುವಿನ ಟಿಸಿಎಫ್7ಎಲ್2 ಎಂಬ ವಂಶವಾಹಿಯ ಒಂದು ರೂಪವು ಮಧುಮೇಹದ ಸಂಭವವನ್ನು ಹೆಚ್ಚಿಸುತ್ತದೆಂದು ಐಸ್ಲೆಂಡಿನಲ್ಲಿ 2006ರಲ್ಲಿ ಗೊತ್ತಾಯಿತು. ಭಾರತೀಯರಲ್ಲಿಯೂ ಹಾಗೆಯೇ ಎಂದು 2007ರಲ್ಲಿ ಪ್ರಕಟವಾಯಿತು. ಆದರೆ ಇಂತಹ ಭೇದಗಳು ನೂರಾರು. ಒಂದೊಂದರ ಪ್ರಭಾವ ಅಲ್ಪ. ಹೆತ್ತವರಿಗೆ ಮಧುಮೇಹವಿತ್ತೇ ಎಂಬ ಪ್ರಶ್ನೆ ಇಂದಿಗೂ ಬಹಳಷ್ಟನ್ನು ಹೇಳುತ್ತದೆ. ವ್ರತಿಗಳಿಗೆ ಹೆಚ್ಚು ಮುಖ್ಯವಾದುದು ಔಷಧದ ಸಂಗತಿ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಮಾತ್ರೆಗಳು ಊಟವಿಲ್ಲದ ದಿನ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಇವುಗಳನ್ನು ಕರಗಿಸುವ ಸಿವೈಪಿ2ಸಿ9 ಎಂಬ ಕಿಣ್ವವು ಹುಟ್ಟಿನಿಂದ ನಿಧಾನವಾಗಿರುವವರಲ್ಲಿ ಔಷಧ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಥವರು ಹಿಂದಿನ ದಿನ ನುಂಗಿದ ಮಾತ್ರೆಯಿಂದಲೂ ಉಪವಾಸದ ದಿನ ಬೆವರಿ, ನಡುಗಿ, ಕುಸಿಯಬಹುದು. ಡಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳದು ಇನ್ನೊಂದು ತೊಂದರೆ: ಉಪವಾಸದಲ್ಲಿ ಅವು ರಕ್ತವನ್ನು ಆಮ್ಲಮಯವಾಗಿಸುವ ಸಂಭವವಿದೆ. ಮಾತ್ರೆ ತೆಗೆದುಕೊಳ್ಳುವವರು ಪರ್ವಕ್ಕೆ ಹಲವು ದಿನ ಮೊದಲೇ ವೈದ್ಯರೊಡನೆ ಮಾತನಾಡಿ ಪ್ರಮಾಣವನ್ನು ಗೊತ್ತುಪಡಿಸಿಕೊಳ್ಳತಕ್ಕದ್ದು. ಸಂಕಲ್ಪ ತೊಟ್ಟ ಬಳಿಕ ಅಲ್ಲ.

ಎಂಜಲಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿದರೆ ನಿಮ್ಮ ವಂಶವಾಹಿಗೆ ಒಪ್ಪುವ ಆಹಾರವನ್ನು ತಿಳಿಸುತ್ತೇವೆಂಬ ಜಾಹೀರಾತುಗಳು ಈಗ ಎಲ್ಲೆಲ್ಲಿಯೂ ಇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಬ್ಬು ಕಡಿಮೆಯ ಆಹಾರ ಯಾರಿಗೆ, ಪಿಷ್ಟ ಕಡಿಮೆಯ ಆಹಾರ ಯಾರಿಗೆ ಎಂದು ವಂಶವಾಹಿಯ ಮಾದರಿಯಿಂದ ಮೊದಲೇ ಹೇಳಬಹುದೆಂಬ ನಿರೀಕ್ಷೆ ಅಲ್ಲಿ ಸಫಲವಾಗಲಿಲ್ಲ. ಗಿಲ್ಬರ್ಟ್ ಲಕ್ಷಣದಂತೆ ಒಂದು ಭೇದಕ್ಕೆ ಒಂದು ಪರಿಣಾಮ ಸ್ಪಷ್ಟವಾಗಿ ಅಂಟಿಕೊಂಡಿರುವ ಕಡೆ ಪರೀಕ್ಷೆಗೆ ಬೆಲೆಯಿದೆ. ತೂಕ, ಹಸಿವು, ಆಯಾಸಗಳಂತಹ ವಿಷಯಗಳಲ್ಲಿ ಆ ಹಣ ವ್ಯರ್ಥ.

ಗಿಲ್ಬರ್ಟ್ ಲಕ್ಷಣವು ನಿಶ್ಚಯವಾದವರು ಆ ವೈದ್ಯರ ಚೀಟಿಯನ್ನು ಮನೆಯ ಕಾಗದಪತ್ರಗಳೊಡನೆ ಜೋಪಾನವಾಗಿಡಬೇಕು. ಅದರ ಉಪಯೋಗ ಪರ್ವದ ದಿನಗಳಿಗಷ್ಟೇ ಸೀಮಿತವಲ್ಲ. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟೆಕಾನ್ ಎಂಬ ಔಷಧವನ್ನು ಹೊರಹಾಕುವುದು ಇದೇ ಕಿಣ್ವ. ಅದು ಕುಗ್ಗಿರುವವರಲ್ಲಿ ಔಷಧ ವಿಷವಾಗಿ, ಬಿಳಿ ರಕ್ತಕಣಗಳು ತೀರ ಕುಸಿದು, ತೀವ್ರ ಭೇದಿ ತಗಲಬಹುದು. ಅಮೆರಿಕದಲ್ಲಿ 2005ರಿಂದ ಆ ಔಷಧದ ಸೂಚನಾಪತ್ರದಲ್ಲಿಯೇ ಈ ಎಚ್ಚರಿಕೆ ಮುದ್ರಿತವಾಗಿದೆ. ಹರೆಯದಲ್ಲಿ ಉಪವಾಸದ ದಿನ ಕಣ್ಣು ಹಳದಿಯಾಗುತ್ತಿತ್ತೆಂಬ ಒಂದು ಸಾಲನ್ನು ಮುಪ್ಪಿನಲ್ಲಿ ಚಿಕಿತ್ಸೆಗೆ ಸೇರಿದಾಗ ವೈದ್ಯರಿಗೆ ತಿಳಿಸಿದರೆ, ಅವರು ಔಷಧದ ಮೊದಲ ಪ್ರಮಾಣವನ್ನು ಇಳಿಸಿಯೇ ಆರಂಭಿಸುವರು.